ಟಿವಿ ಕೊಳ್ಳುವ ಮೊದಲು ಕೇಳಿ: ಬೆಳಕು ಎಲ್ಲಿಂದ?

ಕೇಳುಗರಿಗೆ ನಮಸ್ಕಾರ. ಹೊಸ ಟಿವಿ ತರಬೇಕು ಅಂತ ಮನೆಯಲ್ಲಿ ಮಾತು ನಡೆಯುತ್ತಿದ್ದರೆ ಸ್ವಲ್ಪ ಹೊತ್ತು ಇತ್ತ ಕಿವಿ ಕೊಡಿ. ನನ್ನ ಹತ್ತಿರ ಬರುವವರೆಲ್ಲ ಮೊದಲು ಕೇಳುವುದು ಎಷ್ಟು ಇಂಚು ಅಂತ, ಆಮೇಲೆ ಫೋರ್-ಕೆ ಇದೆಯಾ ಅಂತ. ಇಂಚು ನಿಮ್ಮ ಗೋಡೆಗೆ ಬಿಟ್ಟ ವಿಷಯ. ಫೋರ್-ಕೆ ಅಂದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಸುಮಾರು 83 ಲಕ್ಷ ಚುಕ್ಕಿಗಳು, ಅಷ್ಟೇ. ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: ಆ ಚುಕ್ಕಿಗೆ ಬೆಳಕು ಎಲ್ಲಿಂದ ಬರುತ್ತದೆ?

ಒಂದು, ಹಿಂದಿನಿಂದ. ಇಲ್ಲವೇ, ಚುಕ್ಕಿಯೇ ತಾನಾಗಿ ಬೆಳಗುತ್ತದೆ. ಬೇರೆ ಹೆಸರುಗಳನ್ನೆಲ್ಲ ಸದ್ಯಕ್ಕೆ ಮರೆತುಬಿಡಿ.

ಹಿಂದಿನಿಂದ ಬರುವುದು ಎಲ್‌ಸಿಡಿ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಅಂತ ಕೊಡುವುದೂ ಇದೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ಕ್ಯೂಎಲ್‌ಇಡಿಯೂ ಇದೇ, ಬಣ್ಣಕ್ಕಾಗಿ ಇನ್ನೊಂದು ಪದರ ಸೇರಿಸಿದ್ದಾರೆ. ದೀಪದ ಮುಂದೆ ದ್ರವ ಹರಳಿನ ಪದರ ಇರುತ್ತದೆ, ಅಂದರೆ ದ್ರವದ ಹಾಗೆ ಹರಿದರೂ ಅಣುಗಳು ಹರಳಿನ ಹಾಗೆ ಸಾಲಾಗಿ ನಿಲ್ಲುವ ವಸ್ತು. ವೋಲ್ಟೇಜ್ ಕೊಟ್ಟರೆ ಅದರ ಅಣುಗಳು ಹೊರಳಿ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಆದರೆ ರಾತ್ರಿ ಕಿಟಕಿ ಬಾಗಿಲು ಎಷ್ಟೇ ಬಿಗಿಯಾಗಿ ಹಾಕಿದರೂ ಬೀದಿ ದೀಪದ ಬೆಳಕು ಸಂದಿಯಲ್ಲಿ ನುಸುಳುತ್ತದೆ ಅಲ್ವಾ? ಇಲ್ಲೂ ಹಾಗೇ. ಅದಕ್ಕೇ ಎಲ್‌ಸಿಡಿಯ ಕಪ್ಪು ಸ್ವಲ್ಪ ಬೂದು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಳೇ ಎಲ್‌ಸಿಡಿ ಕಂಪ್ಯೂಟರ್ ಮಾನಿಟರನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು, ಕೆಲವು ಸಲ ಕಪ್ಪು ಬಿಳುಪೇ ಅದಲುಬದಲು. ಒಳಗಿದ್ದ ಅಣುಗಳು ಕಡ್ಡಿಯಾಕಾರದವು. ಎದುರಿನಿಂದ ನೋಡುವಾಗ ಅವು ಸರಿಯಾಗಿ ತಡೆದ ಬೆಳಕು ಓರೆಯಲ್ಲಿ ಸೋರುತ್ತಿತ್ತು. ಇದಕ್ಕೆ ಮದ್ದು ಸಿಕ್ಕಿದ್ದು ಬೆಂಗಳೂರಿನ ಒಂದು ಸಂಶೋಧನೆಯಿಂದ! ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಶಿವರಾಮಕೃಷ್ಣ ಚಂದ್ರಶೇಖರ್ ಅಂತ ಇದ್ದರು. ನೊಬೆಲ್ ಪಡೆದ ಚಂದ್ರಶೇಖರ್ ಬೇರೆ. ಇವರು ಸರ್ ಸಿ.ವಿ. ರಾಮನ್ ಅವರ ಸೋದರಳಿಯ, ಈ ಸಂಸ್ಥೆಗೆ ಬರುವ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ದ್ರವ ಹರಳು ಅಂದರೆ ಕಡ್ಡಿ ಅಣುಗಳೇ ಅಂತ ಜಗತ್ತು ಅಂದುಕೊಂಡಿದ್ದ ಕಾಲ. 1977ರಲ್ಲಿ ಅವರು, ಸದಾಶಿವ, ಸುರೇಶ್ ಮೂವರೂ ಸೇರಿ ಚಪ್ಪಟೆ ಬಿಲ್ಲೆಯಂಥ ಅಣುಗಳೂ ದ್ರವ ಹರಳಾಗುತ್ತವೆ, ಒಂದರ ಮೇಲೊಂದು ಕೂತು ಕಂಬ ಕಟ್ಟುತ್ತವೆ ಅಂತ ತೋರಿಸಿದರು. ಪ್ರಕಟಿಸಿದ್ದೂ ವಿದೇಶದಲ್ಲಲ್ಲ, ನಮ್ಮ 'ಪ್ರಮಾಣ' ಎಂಬ ಭೌತವಿಜ್ಞಾನ ಪತ್ರಿಕೆಯಲ್ಲಿ. ಆಗ ಅದರಿಂದ ಟಿವಿಗೆ ಏನೂ ಉಪಯೋಗ ಇರಲಿಲ್ಲ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆ ಅಣುಗಳ ತೆಳು ಹಾಳೆಯನ್ನು ಮಾನಿಟರಿಗೆ ಅಂಟಿಸಲೆಂದು ತಯಾರಿಸಿತು. ಓರೆಯಲ್ಲಿ ಸೋರುತ್ತಿದ್ದ ಬೆಳಕು ಬಹಳ ಮಟ್ಟಿಗೆ ಹತೋಟಿಗೆ ಬಂತು. ಇಲ್ಲಿಯ ಮಕ್ಕಳಿಗೆ ಈ ವಿಷಯ ಪಾಠದಲ್ಲಿ ಯಾಕಿಲ್ಲವೋ, ನನಗಂತೂ ಅರ್ಥವಾಗಿಲ್ಲ.

ಅಯ್ಯೋ, ಸಮಯ ಓಡುತ್ತಿದೆ. ಒಎಲ್‌ಇಡಿ ಬಗ್ಗೆ ಬೇಗ ಹೇಳುತ್ತೇನೆ. ಇಲ್ಲಿ ಹಿಂದೆ ದೀಪವೇ ಇಲ್ಲ, ಚುಕ್ಕಿಯೇ ಬೆಳಗುತ್ತದೆ. ಕಪ್ಪು ಬೇಕಾದರೆ ಚುಕ್ಕಿ ಆರಿಹೋಗುತ್ತದೆ, ಆದ್ದರಿಂದ ಅದು ನಿಜವಾದ ಕಪ್ಪು. ಆದರೆ ಬೆಲೆ ಜಾಸ್ತಿ. ಬೆಳಗಿದಷ್ಟೂ ಚುಕ್ಕಿ ಸವೆಯುತ್ತದೆ. ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿಡುವ ಮನೆಯಾದರೆ, ಕೆಳಗಿನ ಪಟ್ಟಿಯ ಗುರುತು ತೆರೆಯ ಮೇಲೆ ಉಳಿದುಬಿಡಬಹುದು. ಹಗಲು ಬಿಸಿಲು ಬೀಳುವ ಕೋಣೆಗೆ ಪ್ರಖರವಾದ ಎಲ್‌ಸಿಡಿಯೇ ಸಾಕು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಒಎಲ್‌ಇಡಿ.

ಅಂಗಡಿಯಲ್ಲಿ ಬಣ್ಣಬಣ್ಣದ ಹೂವು, ಹಕ್ಕಿ ತೋರಿಸುತ್ತಾರೆ. ಅದಕ್ಕೆ ಮರುಳಾಗಬೇಡಿ. ಕತ್ತಲ ರಾತ್ರಿಯ ದೃಶ್ಯ ಹಾಕಿ ಅನ್ನಿ. ಎದುರು ನಿಂತು ನೋಡಿ, ಆಮೇಲೆ ಪಕ್ಕಕ್ಕೆ ಸರಿದು ನೋಡಿ. ಹತ್ತಿರದ ಟ್ಯೂಬ್‌ಲೈಟನ್ನೂ ಒಂದು ನಿಮಿಷ ಆರಿಸಲು ಹೇಳಿ. ಹುಡುಗ ಗೊಣಗಬಹುದು, ಗೊಣಗಲಿ ಬಿಡಿ, ದುಡ್ಡು ನಿಮ್ಮದು. ನಮಸ್ಕಾರ.