ಕೈಗಾದ 2 ಪೈಸೆ: ಅಣು ಕಸ ಕಾಯಲು ದುಡ್ಡು ಎಲ್ಲಿಂದ?

[ದೃಶ್ಯ: ಕಾರವಾರ, ಕೋಡಿಬಾಗ. ಹಿಂದೆ ಕಾಳಿ ಸೇತುವೆ.]

ನಮಸ್ಕಾರ. ನಾನೀಗ ಕೋಡಿಬಾಗದಲ್ಲಿ, ಕಾಳಿ ನದಿಯ ದಡದಲ್ಲಿ ನಿಂತಿದ್ದೇನೆ. 2024ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಇಲ್ಲಿನ ಹಳೇ ಸೇತುವೆ ಕುಸಿದು ನದಿಗೆ ಬಿತ್ತು. ಅದಕ್ಕೆ ಸುಮಾರು 40 ವರ್ಷ ವಯಸ್ಸಾಗಿತ್ತು.

ಇದೇ ನದಿಯ ಗುಂಟ ಮೇಲೆ ಹೋದರೆ ಕದ್ರಾ ಅಣೆಕಟ್ಟೆ. ಅದರ ಹಿನ್ನೀರಿನ ಪಕ್ಕ ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿ ಹುಟ್ಟುವ ಕಸವನ್ನು 40 ವರ್ಷ ಕಾದರೆ ಸಾಲದು, 300 ವರ್ಷ ಕಾಯಬೇಕು. ಅದರಲ್ಲಿ ಒಂದು ಪಾಲನ್ನು ಸಾವಿರಾರು ವರ್ಷ. ಅಷ್ಟು ಕಾಲ ಕಾಯುವವರಿಗೆ ಸಂಬಳ ಕೊಡುವವರು ಯಾರು?

ಸ್ಥಾವರ ಬೇಕಿತ್ತೋ ಬೇಡವೋ ಅನ್ನುವುದು ಈ ಜಿಲ್ಲೆಯ ಹಳೇ ಚರ್ಚೆ. ಕೈಗಾವನ್ನು ವಿರೋಧಿಸಿದ್ದ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದಲೇ ಲೋಕಸಭೆ ಚುನಾವಣೆಗೂ ನಿಂತಿದ್ದರು. ಇವತ್ತು ನಾನು ಆ ವಿಷಯ ಎತ್ತುವುದಿಲ್ಲ. ಯಾಕೆಂದರೆ ಕಸ ಆಗಲೇ ಹುಟ್ಟಿದೆ. 2000ನೇ ಇಸವಿಯಿಂದ ಹುಟ್ಟುತ್ತಲೇ ಇದೆ.

[ದೃಶ್ಯ: ಕಾಂಕ್ರೀಟ್ ಕಂದಕದ ಚಿತ್ರ]

ಕಸ ಎಲ್ಲ ಒಂದೇ ಥರದ್ದಲ್ಲ. ಕೈಗವಸು, ಬಟ್ಟೆ, ಫಿಲ್ಟರ್‌ನಂಥವುಗಳಲ್ಲಿ ವಿಕಿರಣ ಕಡಿಮೆ. ಅವನ್ನು ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಕಂದಕಗಳಲ್ಲಿ ಇಡುತ್ತಾರೆ. ಈ ಕಸದಲ್ಲಿರುವ ಸೀಸಿಯಂ-137 ಅನ್ನುವ ವಿಕಿರಣ ವಸ್ತು 30 ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಹತ್ತು ಸಲ ಹಾಗೆ ಇಳಿದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. 300 ವರ್ಷದ ಲೆಕ್ಕ ಬಂದದ್ದು ಹೀಗೆ.

ಉರಿದು ಮುಗಿದ ಇಂಧನದ ಕಥೆ ಬೇರೆ. ಮೊದಲು ಅದನ್ನು ನೀರಿನ ಕೊಳದಲ್ಲಿಟ್ಟು ತಣಿಸುತ್ತಾರೆ. ಆಮೇಲೆ ಅದರಿಂದ ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸಿ, ಉಳಿದ ತೀಕ್ಷ್ಣ ಕಸವನ್ನು ಗಾಜಿನ ಜೊತೆ ಕರಗಿಸಿ ಗಟ್ಟಿ ಮಾಡುವುದು ನಮ್ಮ ದೇಶದ ಪದ್ಧತಿ. ಆ ಘಟಕಗಳು ಇರುವುದು ಟ್ರಾಂಬೆ, ತಾರಾಪುರ, ಕಲ್ಪಾಕಂಗಳಲ್ಲಿ. ಆ ಗಾಜನ್ನು ಶಾಶ್ವತವಾಗಿ ಹೂಳಲು ಆಳದ ಜಾಗ ಭಾರತದಲ್ಲಿ ಇನ್ನೂ ಇಲ್ಲ.

[ದೃಶ್ಯ: ಶಿರಸಿ ಹತ್ತಿರದ ಸೋದೆ]

300 ವರ್ಷ ಅಂದರೆ ಎಷ್ಟು? ಅಷ್ಟು ಹಿಂದೆ ಇಲ್ಲಿ ಸೋದೆ ಅರಸರ ಆಳ್ವಿಕೆ ಇತ್ತು. ಆಮೇಲೆ ಹೈದರಾಲಿ ಬಂದ, ಟಿಪ್ಪು ಬಂದ. 1799ರಲ್ಲಿ ಇಂಗ್ಲಿಷರು ಬಂದರು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು, 1973ರಲ್ಲಿ ಅದರ ಹೆಸರು ಕರ್ನಾಟಕ ಆಯಿತು. ಇಷ್ಟರ ಮಧ್ಯೆ ಆಣೆ ಹೋಗಿ ಪೈಸೆ ಬಂತು. ಸೋದೆ ಅರಸರು ಒಂದು ಪೆಟ್ಟಿಗೆ ಕೊಟ್ಟು, ಇದನ್ನು ಕಾಯಿರಿ, ಖರ್ಚಿಗೆ ಬೊಕ್ಕಸದಿಂದ ಕೊಡುತ್ತೇವೆ ಅಂದಿದ್ದರು ಅಂತ ಇಟ್ಟುಕೊಳ್ಳಿ. ಇವತ್ತು ಯಾರ ಹತ್ತಿರ ಕೇಳುತ್ತಿದ್ದೆವು?

ಅದಕ್ಕೇ ದುಡ್ಡನ್ನು ಬಲ್ಬು ಉರಿಯುವಾಗಲೇ ತೆಗೆದಿಡಬೇಕು. ಉಂಡವರೇ ಎಲೆ ಎತ್ತಬೇಕು, ಅಲ್ವಾ? ಕೈಗಾದ ಕರೆಂಟು ಉಪಯೋಗಿಸಿದವರು ನಾವು. ಇನ್ನೂ ಹುಟ್ಟದ ಮಕ್ಕಳ ತಲೆಗೆ ಆ ಖರ್ಚು ಕಟ್ಟುವುದು ನ್ಯಾಯವಲ್ಲ.

[ಪರದೆ ಮೇಲೆ: 1 ಯೂನಿಟ್ = 2 ಪೈಸೆ]

ನಮ್ಮಲ್ಲಿ ಒಂದು ವ್ಯವಸ್ಥೆ ಇದೆ. ಸ್ಥಾವರವನ್ನು ಕೊನೆಗೆ ಮುಚ್ಚಿ ಬಿಚ್ಚುವ ಖರ್ಚಿಗೆ ಅಂತ ಅಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ 2 ಪೈಸೆ ವಸೂಲಿ ಮಾಡುತ್ತಾರೆ. ಕೈಗಾದ 4 ಘಟಕ, ತಲಾ 220 ಮೆಗಾವ್ಯಾಟ್. ನಾಲ್ಕೂ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 2.1 ಕೋಟಿ ಯೂನಿಟ್. 2 ಪೈಸೆಯಂತೆ 4.2 ಲಕ್ಷ ರೂಪಾಯಿ. ವರ್ಷಕ್ಕೆ ಸುಮಾರು 15 ಕೋಟಿ. ತೀಕ್ಷ್ಣ ಕಸವನ್ನು ಗಾಜಾಗಿಸುವ ಕೆಲಸ ಅಣುಶಕ್ತಿ ಇಲಾಖೆಯದು. ಅದಕ್ಕೆ ಕೇಂದ್ರದ ಬಜೆಟ್, ಅಂದರೆ ನಮ್ಮ ತೆರಿಗೆ.

15 ಕೋಟಿ ಸಾಕಾ? ಈ ಪ್ರಶ್ನೆ ನಾನೊಬ್ಬನೇ ಕೇಳುತ್ತಿಲ್ಲ. ಸ್ಥಾವರ ಮುಚ್ಚುವುದಕ್ಕೆ ಸರಿಯಾದ ಕಾನೂನಿನ ಚೌಕಟ್ಟೇ ಇಲ್ಲ ಅಂತ 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿತ್ತು. ನೋಡಿ, 2 ಪೈಸೆ ನಾಣ್ಯ ಈಗ ಚಲಾವಣೆಯಲ್ಲೇ ಇಲ್ಲ.

[ದೃಶ್ಯ: ಭೂಪಟ, ಫಿನ್ಲೆಂಡ್ ಮತ್ತು ಅಮೆರಿಕ]

ದುಡ್ಡು ಕೂಡಿಟ್ಟರೆ ಮುಗಿಯಿತು ಅಂತಲೂ ಅಲ್ಲ. ಅಮೆರಿಕ 1982ರಲ್ಲೇ ಕಾನೂನು ಮಾಡಿ, ಯೂನಿಟ್‌ಗೆ ಒಂದು ಸೆಂಟಿನ ಹತ್ತನೇ ಒಂದು ಭಾಗ ವಸೂಲಿ ಮಾಡಿತು. 1998ರಿಂದ ಕಸ ಒಯ್ಯುತ್ತೇವೆ ಅಂತ ಕಂಪನಿಗಳಿಗೆ ಮಾತು ಕೊಟ್ಟಿತ್ತು. ನೆವಾಡಾದ ಯುಕ್ಕಾ ಬೆಟ್ಟದಲ್ಲಿ ಹೂಳುವ ಯೋಜನೆ ರಾಜಕೀಯ ಜಗಳಕ್ಕೆ ಸಿಕ್ಕಿ ನಿಂತಿತು. ಕೋರ್ಟ್ ಆದೇಶದ ಮೇಲೆ 2014ರಲ್ಲಿ ವಸೂಲಿಯೂ ನಿಂತಿತು. ನಿಧಿಯಲ್ಲಿ 4,000 ಕೋಟಿ ಡಾಲರ್‌ಗೂ ಜಾಸ್ತಿ ಇದೆ, ಕಸ ಇದ್ದಲ್ಲೇ ಇದೆ. ಮಾತು ತಪ್ಪಿದ್ದಕ್ಕೆ ಕಂಪನಿಗಳಿಗೆ ಸರ್ಕಾರ ಪರಿಹಾರ ಕೊಡುತ್ತಿದೆ, ಅದೂ ತೆರಿಗೆ ದುಡ್ಡಿನಿಂದ.

ಫಿನ್ಲೆಂಡ್ 1988ರಲ್ಲಿ ಬಜೆಟ್‌ನ ಹೊರಗೆ ಬೇರೆಯೇ ನಿಧಿ ಮಾಡಿತು. ಸ್ಥಾವರ ಇವತ್ತೇ ನಿಂತರೂ ಉಳಿದ ಕೆಲಸಕ್ಕೆ ಸಾಲುವಷ್ಟು ಹಣಕ್ಕೆ ಖಾತ್ರಿ ಇರಬೇಕು. ಖರ್ಚಿನ ಅಂದಾಜನ್ನು ಆಗಾಗ ಪರಿಷ್ಕರಿಸುತ್ತಾರೆ. ಕಸ ಹೂಳಲು ಅಲ್ಲಿನ ಓಂಕಾಲೊದಲ್ಲಿ 400 ಮೀಟರ್‌ಗೂ ಆಳದ ಬಂಡೆಯೊಳಗೆ ಸುರಂಗ ಕೊರೆದಿದ್ದಾರೆ. ಬೇರೆ ನಿಧಿ, ಮತ್ತೆ ಮತ್ತೆ ಹಾಕುವ ಲೆಕ್ಕ: ನಮಗೆ ಬೇಕಾದದ್ದು ಈ ಎರಡು ಅಂತ ನನಗೆ ಅನಿಸುತ್ತದೆ.

[ದೃಶ್ಯ: ಮಲ್ಲಾಪುರ, ಕೈಗಾ ರಸ್ತೆ]

ಕೈಗಾಕ್ಕೆ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕ ಬರುತ್ತಿವೆ. ಅದೇ 2 ಪೈಸೆ ಇಟ್ಟರೆ ದಿನಕ್ಕೆ ಇನ್ನೂ 6.7 ಲಕ್ಷ ರೂಪಾಯಿ ಸೇರುತ್ತದೆ. ಇಲ್ಲಿಯವರೆಗೆ ಎಷ್ಟು ಸೇರಿದೆ, ಎಲ್ಲಿ ಇಟ್ಟಿದ್ದಾರೆ, ಕೆಲಸಕ್ಕೆ ಎಷ್ಟು ಬೇಕು? ಈ ಮೂರು ಅಂಕಿಗಳನ್ನು ಪ್ರತಿ ವರ್ಷ ಕನ್ನಡದಲ್ಲಿ ಬರೆದು ಮಲ್ಲಾಪುರ ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಇದನ್ನು ಕೇಳಿ.