ಅಳಿಲಿನ ಚಿತ್ರ ಬರೆಯೋಣ ಬನ್ನಿ

ಕೇಳುಗರಿಗೆ ನಮಸ್ಕಾರ. ರೇಡಿಯೋದಲ್ಲಿ ಚಿತ್ರದ ಪಾಠವೇ ಅಂತ ನಗಬೇಡಿ. ನನ್ನ ಗೆರೆ ನಿಮಗೆ ಕಾಣದಿರುವುದೇ ಇವತ್ತು ಒಳ್ಳೆಯದು. ಕಂಡರೆ ಅದನ್ನೇ ನಕಲು ಮಾಡುತ್ತೀರಿ, ಕಿಟಕಿಯಾಚೆ ಇರುವ ಅಳಿಲನ್ನು ನೋಡುವುದಿಲ್ಲ.

ಅಳಿಲು ಬರೆಯಿರಿ ಅಂದರೆ ಮಕ್ಕಳು ಏನು ಬರೆಯುತ್ತಾರೆ ಗೊತ್ತಾ? ಕಿವಿಯ ತುದಿಯಲ್ಲಿ ಕೂದಲ ಕುಚ್ಚು, ಬೆನ್ನ ಮೇಲೆ ಬಾಗಿದ ದಪ್ಪ ಬಾಲ. ಅದು ಯುರೋಪಿನ ಕೆಂಪು ಅಳಿಲು. ಇನ್ನು ಕೆಲವರು ಮುಖದ ಮೇಲೂ ಪಟ್ಟೆ ಎಳೆಯುತ್ತಾರೆ. ಅದು ಚಿಪ್‌ಮಂಕ್, ಅಮೆರಿಕದ್ದು. ಕಾರ್ಟೂನ್ ನೋಡಿ ಕಲಿತರೆ ಹೀಗೇ ಆಗುವುದು. ನಮ್ಮ ತೆಂಗಿನ ಮರದ ಅಳಿಲಿಗೆ ಕಿವಿ ಚಿಕ್ಕದು, ಕುಚ್ಚಿಲ್ಲ. ಮುಖದಲ್ಲಿ ಪಟ್ಟೆಯೂ ಇಲ್ಲ, ಕಣ್ಣಿನ ಸುತ್ತ ತಿಳಿಬಣ್ಣದ ಅಂಚು ಇದೆ, ಅಷ್ಟೇ. ಮೈ ಒಂದು ಗೇಣಿಗಿಂತ ಕಡಿಮೆ, ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಬೆನ್ನ ಮೇಲೆ ಮೂರು ಪಟ್ಟೆ. ರಾಮ ಬೆರಳಾಡಿಸಿದ ಕಥೆ ನಿಮಗೆಲ್ಲ ಗೊತ್ತು, ಬಿಡಿ. ಆದರೆ ಉತ್ತರ ಭಾರತದ ಕಡೆ ಐದು ಪಟ್ಟೆಯ ಅಳಿಲೂ ಉಂಟು. ಹಾಗಾಗಿ ಇಂಟರ್‌ನೆಟ್ಟಿನ ಫೋಟೋ ನೋಡಿ ಬರೆಯುವವರು ಮೊದಲು ಪಟ್ಟೆ ಎಣಿಸಿಕೊಳ್ಳಿ.

ಫೋಟೋಗಿಂತ ಜೀವಂತ ಅಳಿಲೇ ಮೇಲು. ಹಿತ್ತಲಾಗಲಿ, ಲಾಲ್‌ಬಾಗ್ ಆಗಲಿ, ಸುಮ್ನೆ ಒಂದು ಕಡೆ ಕೂತುಬಿಡಿ. ಅದು ಒಂದು ಕ್ಷಣ ನಿಲ್ಲುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ನಿಜ. ಆದರೆ ಸ್ವಲ್ಪ ಹೊತ್ತು ನೋಡಿ, ಅದರ ಭಂಗಿಗಳು ಕೆಲವೇ ಕೆಲವು. ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದು ತಿನ್ನುವುದು. ಕೊಂಬೆಗೆ ಅಂಟಿಕೊಂಡು ಚಿಂವ್ ಚಿಂವ್ ಎನ್ನುತ್ತಾ ಬಾಲ ಕುಣಿಸುವುದು. ತಲೆ ಕೆಳಗಾಗಿ ಮರ ಇಳಿಯುವುದು. ಹಾಳೆಯ ಮೇಲೆ ಒಂದೊಂದಕ್ಕೂ ಜಾಗ ಬಿಟ್ಟು ಅರ್ಧರ್ಧ ಬರೆದಿಡಿ. ಅಳಿಲು ಮತ್ತೆ ಅದೇ ಭಂಗಿಗೆ ಬಂದಾಗ ಆ ಚಿತ್ರ ಮುಂದುವರಿಸಿ. ಯಾವುದನ್ನೂ ಒಂದೇ ಸಲಕ್ಕೆ ಮುಗಿಸಬೇಕಾಗಿಲ್ಲ.

ಇಳಿಯುವಾಗ ಹಿಂಗಾಲನ್ನು ನೋಡಲೇಬೇಕು. ಪಾದ ಪೂರ್ತಿ ಹಿಂದಕ್ಕೆ ತಿರುಗಿ, ಉಗುರು ಮೇಲಕ್ಕೆ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಜಾರುವುದಿಲ್ಲ. ಮುಂಗಾಲಲ್ಲಿ ಕಾಣುವ ಬೆರಳು ನಾಲ್ಕು, ಹಿಂಗಾಲಲ್ಲಿ ಐದು.

ಈಗ ಗೆರೆ. ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ಉಸಿರಿಗೆ ಒಂದು ಬಾಗು ಎಳೆಯಿರಿ. ಅದರ ಮೇಲೆ ತಲೆಗೊಂದು ಚಿಕ್ಕ ಮೊಟ್ಟೆ, ಮೈಗೊಂದು ದೊಡ್ಡದು, ತೊಡೆಗೊಂದು. ತೊಡೆಯನ್ನು ಧಾರಾಳವಾಗಿ ಬರೆಯಿರಿ, ನೆಗೆಯುವ ಬಲವೆಲ್ಲ ಅಲ್ಲೇ ಇರುವುದು. ಕಣ್ಣು ತಲೆಯ ಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ. ಕಪ್ಪು ತುಂಬುವಾಗ ಬೆಳಕಿನ ಒಂದು ಚುಕ್ಕಿಯನ್ನು ಬಿಳಿಯಾಗಿಯೇ ಉಳಿಸಿ.

ಪಟ್ಟೆಯನ್ನು ಕೊನೆಗೆ ಅಲಂಕಾರಕ್ಕೆ ಅಂತ ಹಾಕುವವರೇ ಜಾಸ್ತಿ. ನಾನಂತೂ ಕೂದಲಿಗಿಂತ ಮೊದಲೇ ಹಾಕಿಸುತ್ತೇನೆ. ಸೀರೆಯ ಅಂಚು ಮೈ ಬಾಗಿದ ಕಡೆ ಬಾಗುತ್ತದೆ ಅಲ್ವಾ, ಪಟ್ಟೆಯೂ ಹಾಗೇ. ಅಳಿಲು ಬೆನ್ನು ಗೂನು ಮಾಡಿದರೆ ಮೂರೂ ಗೂನಾಗುತ್ತವೆ. ಪಕ್ಕಕ್ಕೆ ತಿರುಗಿದರೆ ಆಚೆಯ ಪಟ್ಟೆ ಮರೆಯಾಗಿ ಎರಡೇ ಕಾಣಬಹುದು. ಆಗ ಎರಡನ್ನೇ ಬರೆಯಿರಿ. ಮೂರು ಇರಲೇಬೇಕು ಅಂತ ತುರುಕಿದರೆ ಮೈ ಚಪ್ಪಟೆಯಾಗಿಬಿಡುತ್ತದೆ.

ಕೂದಲಿನ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಒಂದೊಂದೇ ಕೂದಲು ಬರೆಯುತ್ತಾ ಹೋದರೆ ಅಳಿಲು ಮುಳ್ಳುಹಂದಿಯಾಗುತ್ತದೆ. ಕೂದಲು ಮೂಗಿನಿಂದ ಬಾಲದ ಕಡೆಗೆ ಮಲಗಿರುತ್ತದೆ, ಪೆನ್ಸಿಲ್ಲೂ ಅದೇ ದಿಕ್ಕಿಗೆ ಓಡಲಿ, ಗೆರೆಯ ಕೊನೆಯಲ್ಲಿ ಕೈ ಹಗುರವಾಗಿ ಮೇಲೇಳಲಿ. ನೆರಳಿನ ಅಂಚಿನಲ್ಲಿ, ಹೊಟ್ಟೆಯ ಕೆಳಗೆ, ತೊಡೆಯ ಮಡಿಕೆಯಲ್ಲಿ ನಾಲ್ಕಾರು ಗೆರೆ ಸಾಕು. ಬೆಳಕು ಬಿದ್ದ ಕಡೆ ಬರೀ ಹಾಳೆ ಬಿಡಿ. ಬಾಲಕ್ಕೆ ಮಾತ್ರ ಹೊರಗೆರೆ ಬೇಡವೇ ಬೇಡ. ನಡುವಿನ ಮೂಳೆಯಿಂದ ಹೊರಕ್ಕೆ ಗೆರೆ ಎಳೆಯುತ್ತಾ ಬನ್ನಿ, ಕಪ್ಪು ಬಿಳಿ ಬೆರೆತು ಕಾಣಲಿ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ಮೊಗಲ್ ಚಿತ್ರ ಇದೆ. 1600ರ ದಶಕದ್ದು, ಜಹಾಂಗೀರನ ಆಸ್ಥಾನದ ಅಬುಲ್ ಹಸನ್ ಬರೆದದ್ದು ಎನ್ನುತ್ತಾರೆ. ಚಿನಾರ್ ಮರದ ತುಂಬಾ ಕೆಂಪು ಅಳಿಲುಗಳು, ಕೆಳಗೆ ಮರ ಹತ್ತಲು ಹೊರಟ ಒಬ್ಬ ಮನುಷ್ಯ. ಒಂದು ಅಳಿಲಿನ ಭಂಗಿ ಇನ್ನೊಂದಕ್ಕಿಲ್ಲ. ಅಳಿಲನ್ನು ಕೂತು ನೋಡಿದವನ ಕೈ ಅದು, ಸಂಶಯವೇ ಇಲ್ಲ. ಆ ಕಾಲದಲ್ಲಿ ಸಣ್ಣ ಕೆಲಸದ ಕುಂಚ ಮಾಡುತ್ತಿದ್ದದ್ದೂ ಅಳಿಲಿನ ಬಾಲದ ಕೂದಲಿನಿಂದಲೇ. ನಮ್ಮ ಮೈಸೂರು ಶೈಲಿಯ ಚಿತ್ರಗಾರರೂ ಅಂಥ ಕುಂಚ ಬಳಸುತ್ತಿದ್ದರು.

ಪೆನ್ಸಿಲ್ ಪಳಗಿದ ಮೇಲೆ ಬಣ್ಣಕ್ಕೆ ಹೋಗುವವರಿಗೆ ಒಂದು ಮಾತು. ಮುಂಗುಸಿ ಕೂದಲಿನ ಬ್ರಷ್ ಯಾರಾದರೂ ಕೊಡಲು ಬಂದರೆ ಕೊಳ್ಳಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ಮಾರಾಟ ಅಪರಾಧ. ಸಿಂಥೆಟಿಕ್ ಬ್ರಷ್ಷಿನಲ್ಲಿ ಮೊನೆ ಚೂಪಾಗಿರುವ ಸೊನ್ನೆ ನಂಬರಿನದು ಕೇಳಿ ತನ್ನಿ, ಮೀಸೆ ಎಳೆಯಲು ಧಾರಾಳವಾಯಿತು. ನಮಸ್ಕಾರ.