ಹೆಲಿಕಾಪ್ಟರಿನವರ ಕಟ್ಟುಕಟ್ಟಳೆ: ಕಡಲ ಮೇಲೆ ಹಾರುವವರ ಒಳಗಿನ ಬದುಕು

[ದೃಶ್ಯ: ಮಲ್ಪೆ ಬಂದರು, ಬೆಳಗಿನ ಹೊತ್ತು. ಬೋಟುಗಳ ಸಾಲು. ದೂರದಿಂದ ಹೆಲಿಕಾಪ್ಟರಿನ ಸದ್ದು.]

ನಮಸ್ಕಾರ. ಮಲ್ಪೆ, ಪಣಂಬೂರು ಕಡೆಯವರಿಗೆ ಈ ಸದ್ದು ಹೊಸದಲ್ಲ. ಕೋಸ್ಟ್ ಗಾರ್ಡಿನ ಕರ್ನಾಟಕದ ಜಿಲ್ಲಾ ಕೇಂದ್ರ ಇರುವುದು ಪಣಂಬೂರಿನಲ್ಲೇ. ಹೆಲಿಕಾಪ್ಟರ್ ಹಾದುಹೋದರೆ ಮಕ್ಕಳು ಅಂಗಳಕ್ಕೆ ಓಡುತ್ತಾರೆ, ದೊಡ್ಡವರೂ ಕತ್ತೆತ್ತಿ ನೋಡುತ್ತಾರೆ. ಅದರೊಳಗೆ ಕೂತವರದ್ದು ಬೇರೆಯೇ ಒಂದು ಬಳಗ. ಸೇನೆ, ನೌಕಾಪಡೆ, ವಾಯುಪಡೆ, ಕೋಸ್ಟ್ ಗಾರ್ಡ್ ಎಂದು ಸಮವಸ್ತ್ರ ಬೇರೆ ಬೇರೆಯಾದರೂ ಈ ಬಳಗದ ಕಟ್ಟುಕಟ್ಟಳೆ ಹೆಚ್ಚುಕಡಿಮೆ ಒಂದೇ. ಅವು ಯಾಕೆ ಹುಟ್ಟಿದವು ಎಂದು ಇವತ್ತು ನೋಡುವ.

ಮೊದಲೇ ಒಂದು ಮಾತು. ಹೆಲಿಕಾಪ್ಟರಿನ ಕೆಲಸದಲ್ಲಿ ಪೈಲಟ್ ಒಬ್ಬರಿಂದ ಏನೂ ಆಗುವುದಿಲ್ಲ. ಅವರ ಕಣ್ಣಿಗೆ ಬೀಳದ ಜಾಗವೇ ಜಾಸ್ತಿ: ಕಾಲಡಿ, ಬಾಲದ ಕಡೆ, ತಲೆಯ ಮೇಲೆ. ಅಲ್ಲಿ ಏನಾಗುತ್ತಿದೆ ಎಂದು ಬೇರೆಯವರು ನೋಡಿ ಹೇಳಬೇಕು. ಇವರ ರೂಢಿಗಳನ್ನು ಒಂದೊಂದಾಗಿ ಬಿಡಿಸಿದರೆ ಬುಡದಲ್ಲಿ ಸಿಗುವುದು ಇದೇ.

[ದೃಶ್ಯ: ಖಾಲಿ ಟಾರ್ಮ್ಯಾಕ್. ಸಾಲಾಗಿ ನಡೆಯುವ ಜನ.]

ದಿನ ಶುರುವಾಗುವುದು ನಡಿಗೆಯಿಂದ. ಇದಕ್ಕೆ ಎಫ್‌ಒಡಿ ವಾಕ್ ಎನ್ನುತ್ತಾರೆ; ಎಫ್‌ಒಡಿ ಎಂದರೆ ಯಂತ್ರಕ್ಕೆ ಹಾನಿ ಮಾಡಬಹುದಾದ, ನೆಲದಲ್ಲಿ ಬಿದ್ದ ಚೂರುಪಾರು. ಹೆಲಿಕಾಪ್ಟರ್ ನಿಲ್ಲುವ ಜಾಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲರೂ ಅಡ್ಡಸಾಲಾಗಿ ನಿಂತು, ನೆಲ ನೋಡುತ್ತಾ ಮುಂದೆ ಹೋಗುತ್ತಾರೆ. ಕಲ್ಲಿನ ಚೂರು, ಸ್ಕ್ರೂ, ತಂತಿ ತುಂಡು, ಪ್ಲಾಸ್ಟಿಕ್ ಹಾಳೆ, ಏನು ಕಂಡರೂ ಹೆಕ್ಕಬೇಕು. ಕಮಾಂಡಿಂಗ್ ಆಫೀಸರ್ ಕೂಡ ಬಗ್ಗಿ ಹೆಕ್ಕುತ್ತಾರೆ, ನಿನ್ನೆ ಮೊನ್ನೆ ಸೇರಿದ ಮೆಕ್ಯಾನಿಕ್ ಕೂಡ. ರೋಟರ್ ಕೆಳಕ್ಕೆ ತಳ್ಳುವ ಗಾಳಿಗೆ ನೆಲದ ಚೂರುಗಳು ಮೇಲೆದ್ದು ಎಂಜಿನಿನ ಬಾಯಿಗೇ ಹೋಗಬಹುದು. ಚೇತಕ್ ಹೆಲಿಕಾಪ್ಟರಿನ ಎಂಜಿನ್ ನಿಮಿಷಕ್ಕೆ 30 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಒಂದು ಸಣ್ಣ ಸ್ಕ್ರೂ ಸಾಕು, ಒಳಗಿನ ಬ್ಲೇಡುಗಳು ಹಾಳಾಗಲು.

ಮೆಕ್ಯಾನಿಕ್‌ಗಳ ಟೂಲ್ ಬೋರ್ಡಿಗೂ ಇದೇ ಲೆಕ್ಕ. ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗುರುತು ಇರುತ್ತದೆ, ಕೆಲಸ ಮುಗಿದ ಮೇಲೆ ಒಂದು ಜಾಗ ಖಾಲಿ ಕಂಡರೂ ಅದು ಸಿಗುವವರೆಗೆ ಆ ಹೆಲಿಕಾಪ್ಟರ್ ಮೇಲೇಳುವುದಿಲ್ಲ. "ನನ್ನ ಕೈಯಿಂದ ಸ್ಪ್ಯಾನರ್ ಕಳೆದುಹೋಗಿದೆ" ಎಂದು ತಾನಾಗಿ ಬಂದು ಹೇಳಿದವರನ್ನು ಬೈಯಬಾರದು. ಬೈದರೆ ನಾಳೆಯಿಂದ ಯಾರೂ ಹೇಳಲಿಕ್ಕಿಲ್ಲ. ನಮ್ಮ ಲೆಕ್ಕದಲ್ಲಿ ಈ ಬಳಗದ ಅತಿ ದೊಡ್ಡ ಸಂಪ್ರದಾಯ ಇದೇ.

ಕರಾವಳಿಯಲ್ಲಿ ಇನ್ನೊಂದು ಕೆಲಸ ಸೇರುತ್ತದೆ, ತೊಳೆಯುವುದು. ಉಪ್ಪುಗಾಳಿಗೆ ನಮ್ಮ ಮನೆಯ ಗೇಟು, ತಗಡು ಏನಾಗುತ್ತದೆಂದು ನಿಮಗೇ ಗೊತ್ತುಂಟು. ಕಡಲ ಮೇಲೆ ತಗ್ಗಿನಲ್ಲಿ ಹಾರಿ ಬಂದ ಹೆಲಿಕಾಪ್ಟರಿಗೆ ಸಿಹಿನೀರಿನ ಸ್ನಾನ ಆಗಲೇಬೇಕು. ಎಂಜಿನಿನ ಒಳಕ್ಕೂ ನೀರು ಹಾಯಿಸಿ ಉಪ್ಪು ತೆಗೆಯುತ್ತಾರೆ.

[ದೃಶ್ಯ: ಬ್ರೀಫಿಂಗ್ ಕೋಣೆ, ಗೋಡೆ ಗಡಿಯಾರ.]

ಆಮೇಲೆ ಬ್ರೀಫಿಂಗ್. ಎಲ್ಲರೂ ಕೈಗಡಿಯಾರವನ್ನು ಸೆಕೆಂಡಿನವರೆಗೆ ಹೊಂದಿಸಿಕೊಳ್ಳುತ್ತಾರೆ. ಹವಾಮಾನ, ಗಾಳಿ, ಹಕ್ಕಿಗಳ ಓಡಾಟದ ಮಾತು ಮುಗಿದ ಮೇಲೆ ಬರುವುದು ಆ ದಿನದ ತುರ್ತುಪರಿಸ್ಥಿತಿ. ಹಿರಿಯರು ಯಾರನ್ನಾದರೂ ಬೊಟ್ಟು ಮಾಡಿ ಕೇಳುತ್ತಾರೆ: "ಎಂಜಿನ್ ನಿಂತುಹೋಯಿತು, ಮುಂದೇನು?" ಪುಸ್ತಕ ತೆರೆಯುವ ಹಾಗಿಲ್ಲ, ಎದ್ದು ನಿಂತು ಬಾಯಿಪಾಠವಾಗಿ ಹೇಳಬೇಕು. ಒಂದೇ ಎಂಜಿನಿನ ಚೇತಕ್‌ನಲ್ಲಿ ಉತ್ತರ ಶುರುವಾಗುವುದು ಎಡಗೈಯಿಂದ: ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಕಲೆಕ್ಟಿವ್ ಲಿವರನ್ನು ಕೂಡಲೇ ಕೆಳಕ್ಕೆ ಒತ್ತಬೇಕು. ಆಗ ಕೆಳಗಿನಿಂದ ಬರುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ಕಿರಾಲ್‌ಬೋಗಿ ಮರದ ರೆಕ್ಕೆಯ ಕಾಯಿ ಸುತ್ತುತ್ತಾ ಇಳಿಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಒಂದೆರಡು ಸೆಕೆಂಡು ತಡವಾದರೂ ರೋಟರಿನ ವೇಗ ಕುಸಿಯುತ್ತದೆ, ಹಾಗೆ ಕುಸಿದದ್ದನ್ನು ಮತ್ತೆ ಏರಿಸುವುದು ಬಹಳ ಕಷ್ಟ. ಮಂತ್ರದ ಹಾಗೆ ದಿನಾ ಹೇಳಿಸುವುದು ಅದಕ್ಕೇ. ಆ ಹೊತ್ತಿಗೆ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ.

[ದೃಶ್ಯ: ಈಜುಕೊಳ. ನೀರಿಗೆ ಇಳಿಯುವ ಡಬ್ಬಿಯಾಕಾರದ ಕ್ಯಾಬಿನ್.]

ಕಡಲ ಮೇಲೆ ಹಾರುವವರೆಲ್ಲ ದಾಟಬೇಕಾದ ಇನ್ನೊಂದು ಬಾಗಿಲು ಉಂಟು, ಡಂಕರ್. ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಹೊರಬರುವುದನ್ನು ಕಲಿಸುವ ಕ್ಯಾಬಿನ್ ಅದು. ಕೊಚ್ಚಿಯ ನೌಕಾನೆಲೆ ಐಎನ್‌ಎಸ್ ಗರುಡದಲ್ಲಿ ನೌಕಾಪಡೆ ಈ ತರಬೇತಿ ಕೊಡುತ್ತದೆ. ಹೆಲಿಕಾಪ್ಟರಿನ ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ಮೇಲ್ಗಡೆ ಇರುವುದರಿಂದ ಭಾರವೂ ಅಲ್ಲೇ. ಹಾಗಾಗಿ ನೀರಿಗೆ ಬಿದ್ದರೆ ಅದು ಮಗುಚಿಕೊಳ್ಳುವ ಸಂಭವವೇ ಹೆಚ್ಚು. ಡಂಕರಿನಲ್ಲಿ ಸಿಬ್ಬಂದಿಯನ್ನು ಸೀಟಿಗೆ ಕಟ್ಟಿ, ಕ್ಯಾಬಿನನ್ನು ನೀರಿಗಿಳಿಸಿ, ತಲೆಕೆಳಗು ಮಾಡುತ್ತಾರೆ. ಆಮೇಲೆ ಕತ್ತಲಲ್ಲಿ ಅದನ್ನೇ ಇನ್ನೊಮ್ಮೆ.

ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಇನ್ನೊಂದು ಬೆಲ್ಟಿನ ಬಕಲ್ ಮೇಲೆ ಇರಬೇಕು. ಚಲನೆ ಪೂರ್ತಿ ನಿಲ್ಲುವವರೆಗೆ ಬೆಲ್ಟ್ ಬಿಚ್ಚಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ: ಗಾಬರಿಯಲ್ಲಿ ಬೇಗ ಬಿಚ್ಚಿಬಿಡುತ್ತಾರೆ, ದೇಹ ತೇಲಿ ಎಲ್ಲೋ ಹೋಗುತ್ತದೆ, ಕಿಟಕಿ ಯಾವ ಕಡೆ ಎಂದು ತಿಳಿಯದಾಗುತ್ತದೆ. ಲೈಫ್ ಜಾಕೆಟನ್ನು ಒಳಗಿರುವಾಗ ಊದಿಸಲೇಬಾರದು. ಊದಿಸಿದರೆ ಅದು ನಿಮ್ಮನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ, ಮಗುಚಿದ ಕ್ಯಾಬಿನಿನಲ್ಲಿ ಮೇಲೆ ಇರುವುದು ನೆಲ. ಪೈಲಟ್, ತಂತಿ ಇಳಿಸಿ ಜನರನ್ನು ಮೇಲೆತ್ತುವ ವಿಂಚ್ ಆಪರೇಟರ್, ಡೈವರ್ ಎಲ್ಲರಿಗೂ ಒಂದೇ ಕ್ಯಾಬಿನ್, ಒಂದೇ ನೀರು. ಅಲ್ಲಿ ಕೆಮ್ಮುತ್ತಾ ಜೊತೆಗೆ ಮೇಲೆ ಬಂದವರ ನಡುವಿನ ಸಲಿಗೆ ಯಾವ ಪಾರ್ಟಿಯಿಂದಲೂ ಬರುವಂಥದ್ದಲ್ಲ.

ಸಂಭ್ರಮಕ್ಕೂ ನೀರೇ. ಮೊದಲ ಸಲ ಒಬ್ಬರೇ ಹಾರಿ ಇಳಿದವರ ಮೇಲೆ ಗೆಳೆಯರು ಬಕೆಟ್ ನೀರು ಸುರಿಯುವ ಪದ್ಧತಿ ಹಲವು ದೇಶಗಳಲ್ಲಿ ಉಂಟು. ಕೊನೆಯ ಹಾರಾಟ ಮುಗಿಸಿ ಬಂದವರಿಗೂ ನೀರು ಹಾರಿಸಿ ಬೀಳ್ಕೊಡುತ್ತಾರೆ. ಹೊಸ ಯಂತ್ರಕ್ಕೂ ಇದೇ ಗೌರವ: 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ಪ್ರಚಂಡ್ ಎಂಬ ಯುದ್ಧ ಹೆಲಿಕಾಪ್ಟರ್ ವಾಯುಪಡೆಗೆ ಸೇರಿದಾಗ ಸರ್ವಧರ್ಮ ಪ್ರಾರ್ಥನೆ ನಡೆಯಿತು, ಜಲಫಿರಂಗಿಯ ವಂದನೆಯೂ ಸಿಕ್ಕಿತು.

ಊಟದ ಕಟ್ಟಳೆಯಲ್ಲಿ ನಮಗೆ ಹಿಡಿಸಿದ್ದು ಬಡಾಖಾನಾ. ದೊಡ್ಡ ದಿನಗಳಲ್ಲಿ ಅಧಿಕಾರಿಗಳು, ಜವಾನರು ಒಟ್ಟಿಗೆ ಉಣ್ಣುತ್ತಾರೆ, ಎಷ್ಟೋ ಕಡೆ ಅಧಿಕಾರಿಗಳೇ ನಿಂತು ಬಡಿಸುತ್ತಾರೆ. ಸೇನೆಯ ಹೆಲಿಕಾಪ್ಟರಿನವರಿಗೆ ಅಂಥ ದಿನ ನವೆಂಬರ್ 1. ಆರ್ಮಿ ಏವಿಯೇಷನ್ ಕೋರ್ ಹುಟ್ಟಿದ್ದು 1986ರಲ್ಲಿ ಅದೇ ದಿನ, ನಮ್ಮ ರಾಜ್ಯೋತ್ಸವದ ದಿನವೇ.

ಸಾವೂ ಈ ಬಳಗಕ್ಕೆ ದೂರದ್ದಲ್ಲ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡಿನ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ತೀರಿಕೊಂಡರು. ಆಮೇಲೆ ದೇಶದ ಧ್ರುವ್‌ಗಳನ್ನೆಲ್ಲ ನೆಲದಲ್ಲೇ ನಿಲ್ಲಿಸಿದರು. ಹೀಗೆ ನಿಂತಾಗ ಪೈಲಟ್‌ಗಳ ಕೈಗೆ ಅಭ್ಯಾಸ ತಪ್ಪುತ್ತದೆ. ಹಾಗಾಗಿ ಮತ್ತೆ ಹಾರುವ ಮೊದಲು ಎಷ್ಟೇ ಅನುಭವಿಯಾದರೂ ಪರೀಕ್ಷಕರ ಪಕ್ಕ ಕೂತು ಹಾರಿ ತೋರಿಸಬೇಕು. ಅದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ.

[ದೃಶ್ಯ: ತೆರೆದ ಬಾಗಿಲು, ಕೆಳಗೆ ಕಡಲು, ಇಳಿಯುತ್ತಿರುವ ತಂತಿ.]

ಈಗ ನಮ್ಮ ಕಡಲಿಗೆ ಬರುವ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ಮೂಲ್ಕಿ ಬಂಡೆಗಳ ನಡುವೆ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್ (ಹಡಗು ಎಳೆಯುವ ಬೋಟು) ಸಿಕ್ಕಿಹಾಕಿಕೊಂಡದ್ದು ನಿಮಗೆ ನೆನಪಿರಬಹುದು. ಅದರಲ್ಲಿದ್ದ 9 ಜನರಲ್ಲಿ ಐವರನ್ನು ಕೋಸ್ಟ್ ಗಾರ್ಡಿನ ವರಾಹ ಹಡಗು ಕಾಪಾಡಿತು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿಕೊಂಡಿತು.

ಅಂಥ ಹೊತ್ತಿನಲ್ಲಿ ಪೈಲಟ್‌ಗೆ ಕೆಳಗಿರುವ ಮನುಷ್ಯ ಕಾಣುವುದೇ ಇಲ್ಲ. ಬಾಗಿಲಲ್ಲಿ ಬಗ್ಗಿ ನೋಡುವ ವಿಂಚ್ ಆಪರೇಟರ್ ಹೇಳುತ್ತಿರಬೇಕು: "ಫಾರ್ವರ್ಡ್ ಫೈವ್, ಫೋರ್, ತ್ರೀ, ಟೂ, ಒನ್, ಸ್ಟೆಡಿ." ಹೇಳಲು ಏನೂ ಇಲ್ಲದಿದ್ದರೂ "ಸ್ಟೆಡಿ, ಸ್ಟೆಡಿ" ಎನ್ನುತ್ತಲೇ ಇರಬೇಕು. ಆ ಸ್ವರ ನಿಂತರೆ ಪೈಲಟ್ ಕಣ್ಣಿಲ್ಲದವರಾಗುತ್ತಾರೆ. ಬೋಟಿನಲ್ಲಿ ಅದನ್ನು ನಡೆಸುವ ತಾಂಡೇಲನ ಮಾತು ಹೇಗೋ ಇಲ್ಲಿ ಆಪರೇಟರನ ಮಾತು ಹಾಗೆ. ರ‍್ಯಾಂಕಿನಲ್ಲಿ ಪೈಲಟ್ ಮೇಲಿದ್ದರೂ ಆ ಕೆಲವು ನಿಮಿಷ ಆಪರೇಟರ್ ಹೇಳಿದ ಹಾಗೆ ಹೆಲಿಕಾಪ್ಟರ್ ಸರಿಯುತ್ತದೆ.

ಬೋಟಿನವರು ಮಾಡಬೇಕಾದ್ದೂ ಇದರಲ್ಲಿ ಉಂಟು. ಬಲೆ, ಟಾರ್ಪಾಲು, ಖಾಲಿ ಕ್ಯಾನು ಎಲ್ಲ ಕೆಳಗಿಡಿ ಅಥವಾ ಬಿಗಿಯಾಗಿ ಕಟ್ಟಿ, ರೋಟರ್ ಗಾಳಿಗೆ ಅವು ಎದ್ದು ಬ್ಲೇಡಿಗೇ ಹೋಗಬಹುದು. ಮಡಚಲಾಗುವ ಆಂಟೆನಾ, ಕಂಬ ಮಡಚಿ. ಚುಕ್ಕಾಣಿ ಹಿಡಿತದಲ್ಲಿದ್ದರೆ ಗಾಳಿ ಬೋಟಿನ ಮುಂತುದಿಗೆ ಎಡದಿಂದ ಸುಮಾರು 30 ಡಿಗ್ರಿಯಲ್ಲಿ ಬಡಿಯುವ ಹಾಗೆ ಇಟ್ಟುಕೊಳ್ಳಿ. ವಿಂಚ್ ಸಾಮಾನ್ಯವಾಗಿ ಹೆಲಿಕಾಪ್ಟರಿನ ಬಲಬದಿಗೆ ಇರುವುದರಿಂದ ಅವರಿಗೆ ಇದು ಅನುಕೂಲ. ಹಗಲಿನಲ್ಲಿ ಕಿತ್ತಳೆ ಹೊಗೆ ಬಿಟ್ಟರೆ ಗಾಳಿಯ ದಿಕ್ಕೂ ಗೊತ್ತಾಗುತ್ತದೆ. ಹೆಲಿಕಾಪ್ಟರ್ ಹತ್ತಿರ ಬಂದ ಮೇಲೆ ರಾಕೆಟ್ ಫ್ಲೇರ್ ಹಾರಿಸಬೇಡಿ.

ತಂತಿ ಇಳಿದ ಕೂಡಲೇ ಕೈ ಚಾಚಬೇಡಿ. ಹೆಲಿಕಾಪ್ಟರಿನ ಮೈಯಲ್ಲಿ ಸ್ಥಾಯಿ ವಿದ್ಯುತ್ ತುಂಬಿರುತ್ತದೆ, ಕೊಕ್ಕೆ ಮೊದಲು ನೀರಿಗೋ ಬೋಟಿಗೋ ತಾಗಿ ಅದು ಇಳಿದುಹೋಗಲಿ. ಆ ಕೊಕ್ಕೆಯನ್ನು ಯಾವ ಕಾರಣಕ್ಕೂ ಬೋಟಿಗೆ ಸಿಕ್ಕಿಸಬೇಡಿ. ಅಲೆಗೆ ಬೋಟು ಕುಸಿದರೆ ಹೆಲಿಕಾಪ್ಟರನ್ನೇ ಎಳೆದ ಹಾಗೆ. ಅಂಥ ಹೊತ್ತಿನಲ್ಲಿ ಆಪರೇಟರ್ ತಂತಿಯನ್ನು ಕತ್ತರಿಸಲೇಬೇಕಾಗುತ್ತದೆ. ಡೈವರ್ ಕೆಳಗಿಳಿದು ಬಂದ ಮೇಲೆ ಅವರು ಹೇಳಿದಷ್ಟೇ ಮಾಡಿ.

ಕಡಲಲ್ಲಿ ತೊಂದರೆಯಾದರೆ ಬೋಟಿನ ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಕೂಗಿ. ಫೋನು ಸಿಗುವಷ್ಟು ದಡಕ್ಕೆ ಹತ್ತಿರ ಇದ್ದರೆ ಕೋಸ್ಟ್ ಗಾರ್ಡಿನ ನಂಬರ್ 1554.

[ದೃಶ್ಯ: ಬೋಟಿನ ಕ್ಯಾಬಿನಿನ ಒಳಗೆ ಬಣ್ಣದಲ್ಲಿ ಬರೆದ 1554.]